ಐದನೇ ಒಂದು ಭಾಗ

ಮೇಜಿನ ಕೆಳಗೆ ಕೂತವಳಿಗೆ ವಿಜ್ಞಾನ ಕಾಣುವುದಿಲ್ಲ. ಬೂಟು ಕಾಣುತ್ತದೆ.

ಅಟೆಂಡರಮ್ಮನ ಕಣ್ಣೆದುರು ಇದ್ದದ್ದು ಕಂದು ಬಣ್ಣದ ಒಂದು ಜೊತೆ ಬೂಟು. ಬಲಗಾಲಿನದರ ಮೂತಿ ಸವೆದಿತ್ತು. ನಡೆದು ಸವೆದದ್ದಲ್ಲ, ಒದ್ದು ಸವೆದದ್ದು. ಅದು ಅವಳ ಮಂಡಿಗೆ ಒಂದು ಸಲ ಬಡಿದರೆ ‘ಎಳೆ’ ಎಂದರ್ಥ. ಎರಡು ಸಲ ಬಡಿದರೆ ‘ನಿಲ್ಲಿಸು’. ಮೂರು ಸಲ ಬಡಿದರೆ ‘ನಿನಗೆ ಬುದ್ಧಿ ಇದೆಯಾ’. ಹನ್ನೊಂದು ವರ್ಷದಲ್ಲಿ ಬೂಟು ನಾಲ್ಕು ಜೊತೆ ಬದಲಾಗಿತ್ತು. ಮಂಡಿ ಅದೇ ಇತ್ತು.

ಅವಳ ಹಲ್ಲುಗಳ ನಡುವೆ ಒಂದು ರಬ್ಬರ್ ಕೊಳವೆ. ಅದು ಮೇಜಿನ ತೂತಿನಿಂದ ಮೇಲೆ ಹೋಗಿ, ನೀರಿನ ಟ್ರೇಯ ತೂತಿನಿಂದ ಇನ್ನೂ ಮೇಲೆ ಹೋಗಿ, ಮೇಣದಬತ್ತಿ ನಿಲ್ಲಿಸಿದ ಪೊಳ್ಳು ಕಂಬದ ಬೆನ್ನಿನಲ್ಲಿ ಬಾಯಿ ಬಿಡುತ್ತಿತ್ತು. ಬತ್ತಿಯ ಮೇಲೆ ಗಾಜಿನ ಜಾರ್ ಬೋರಲು. ಜಾರ್‌ನ ಮೈಯನ್ನು ಐದು ಸಮಪಾಲು ಮಾಡಿ, ಕೆಳಗಿನ ಪಾಲು ಮುಗಿಯುವಲ್ಲಿ ಒಂದು ಕೆಂಪು ಗೆರೆ. ಮೇಜಿಗೆ ನೆಲ ಮುಟ್ಟುವ ಹಸಿರು ಬಟ್ಟೆ. ಬಟ್ಟೆಯ ಆಚೆ ನಲವತ್ತು ಜನ ಗಣಿತ, ವಿಜ್ಞಾನದ ಮೇಷ್ಟ್ರುಗಳು ಮತ್ತು ಟೀಚರುಗಳು.

“ಈಗ ಬತ್ತಿ ಆ...?” ಎಂದಿತು ಮೇಲಿನ ಗಂಟಲು.

“ರಿತು,” ಎಂದರು ನಲವತ್ತು ಜನ.

ಆ ಗಂಟಲು ಎಷ್ಟೋ ಮಾತನ್ನು ಪೂರ್ತಿ ಆಡುತ್ತಿರಲಿಲ್ಲ. ಅರ್ಧ ಆಡಿ ಕೈ ಚಾಚುತ್ತಿತ್ತು. ಉಳಿದರ್ಧವನ್ನು ಎದುರಿಗಿದ್ದವರು ಹಾಕಬೇಕು.

“ಒಳಗಿದ್ದ ಆಮ್ಲ...?”

“ಜನಕ.”

“ಮುಗಿ...?”

“ಯಿತು.”

“ಆ ಖಾಲಿ ಜಾಗಕ್ಕೆ ನೀರು ಮೇ...?”

“ಲಕ್ಕೆ.”

ಬೂಟು ಬಡಿಯಿತು. ಅಟೆಂಡರಮ್ಮ ಎಳೆದಳು. ಕರಟಿದ ಬತ್ತಿಯ ಹೊಗೆ, ಮೇಣದ ವಾಸನೆ, ಜೊತೆಗೆ ನಲವತ್ತು ಜನರ ನಂಬಿಕೆ ಎಲ್ಲಾ ಸೇರಿ ಗಂಟಲಿಗೆ ಇಳಿಯಿತು. ಬೂಟು ಎರಡು ಸಲ ಬಡಿಯಿತು. ಅವಳು ಕೊಳವೆ ಮಡಚಿ ಕ್ಲಿಪ್ಪು ಹಾಕಿದಳು. ಮೇಲೆ ನೀರು ಕೂದಲೆಳೆಯೂ ಆಚೀಚೆ ಇಲ್ಲದೆ ಕೆಂಪು ಗೆರೆಯ ಮೇಲೆ ನಿಂತಿತು.

“ಎಷ್ಟು?”

“ಐದನೇ ಒಂದು ಭಾಗ.”

ಚಪ್ಪಾಳೆ ಬಿತ್ತು. ಸಂಜೆಯವರೆಗೆ ಅವಳ ಉಗುಳು ಕಪ್ಪಗಿರುತ್ತದೆ.

ಗಂಟಲಿನ ಒಡೆಯರಿಗೆ ಸರ್ಕಾರಿ ಕಾಗದದಲ್ಲಿ ‘ಸಂಪನ್ಮೂಲ ವ್ಯಕ್ತಿ’ ಎಂದು ಹೆಸರು. ಮೇಷ್ಟ್ರುಗಳು ಅಡ್ಡಹೆಸರಾಗಿ ‘ಸಂಪನ್ಮೂಲರು’ ಎನ್ನುತ್ತಿದ್ದರು. ಅದರಲ್ಲಿ ಸಂಪತ್ತು ಅವರಿಗೆ ಬಂದಿತ್ತು. ತಣ್ಣನೆ ನೆಲದ ಮೇಲೆ ಹನ್ನೊಂದು ವರ್ಷ ಕೂತು ಮೂಲ ಮಾತ್ರ ಅಟೆಂಡರಮ್ಮನಿಗೆ ಬಂದಿತ್ತು.

ಮೊದಲು ಈ ಕೊಳವೆ ಇರಲಿಲ್ಲ. ಸಂಪನ್ಮೂಲರು ಒಂದು ಕೈಪಿಡಿ ಬರೆದರು. ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ; ಬತ್ತಿ ಅದನ್ನು ತಿಂದು ಮುಗಿಸುತ್ತದೆ; ಆ ಜಾಗಕ್ಕೆ ನೀರು ಬರುತ್ತದೆ; ಆದ್ದರಿಂದ ನೀರು ನಿಖರವಾಗಿ ಐದನೇ ಒಂದು ಭಾಗ ಏರುತ್ತದೆ. ಓದಲು ಚೆನ್ನಾಗಿತ್ತು. ವಿಜ್ಞಾನದವರಿಗೆ ಆಮ್ಲಜನಕ ಸಿಕ್ಕಿತು, ಗಣಿತದವರಿಗೆ ಭಿನ್ನರಾಶಿ ಸಿಕ್ಕಿತು. ಹತ್ತು ಸಾವಿರ ಪ್ರತಿ ಅಚ್ಚಾಯಿತು. ನೀರೊಂದು ಮಾತ್ರ ಕೈಪಿಡಿ ಓದಿರಲಿಲ್ಲ. ಒಂದು ದಿನ ಗೆರೆಯ ಕೆಳಗೇ ನಿಂತಿತು. ಇನ್ನೊಂದು ದಿನ ಗೆರೆ ದಾಟಿ ಹೋಯಿತು. ಆ ದಿನ ಸಂಪನ್ಮೂಲರು, “ರಾತ್ರಿ ಮಳೆ ಬಂದಿತ್ತಲ್ಲ, ಗಾಳೀಲಿ ಆಮ್ಲಜನಕ ಜಾಸ್ತಿ ಆಗಿದೆ,” ಎಂದು ದಾಟಿಸಿದರು. ನಲವತ್ತು ಜನ ಬರೆದುಕೊಂಡರು.

ಅವತ್ತು ಟ್ರೇ ತೊಳೆಯುತ್ತಿದ್ದ ಅಟೆಂಡರಮ್ಮ ಬಾಯಿ ತಡೆಯಲಾರದೆ ಹೇಳಿದ್ದಳು. “ಸಾರ್, ಬತ್ತಿ ಉರಿಯೋವಾಗ ನೀರು ಏರೋದೇ ಇಲ್ಲ. ಮೊದಲು ಅಂಚಿಂದ ಗುಳ್ಳೆ ಆಚೆ ಬರುತ್ತೆ. ಬತ್ತಿ ಆರಿದ ಮೇಲೆ ನೀರು ಏರುತ್ತೆ. ದಿನಾ ನೋಡ್ತೀನಿ.”

ಸಂಪನ್ಮೂಲರು ಗುಳ್ಳೆ ನೋಡಲಿಲ್ಲ. ಅವಳನ್ನು ನೋಡಿದರು.

“ನೀನು ಓದಿರೋದು ಎಷ್ಟನೇ ಕ್ಲಾಸು?”

“ಏಳು ಸಾರ್.”

“ಇದು ಎಂಟನೇ ಕ್ಲಾಸಿನ ಪ್ರಯೋಗ.”

ಚರ್ಚೆ ಮುಗಿಯಿತು. ಹತ್ತು ಸಾವಿರ ಪ್ರತಿ ತಿದ್ದುವುದಕ್ಕಿಂತ ನೀರನ್ನು ತಿದ್ದುವುದು ಸುಲಭ ಎಂದು ಅವರಿಗೆ ಹೊಳೆಯಿತು. ಮರುವಾರ ಬಡಗಿ ಬಂದು ಮೇಜಿಗೆ ತೂತು ಕೊರೆದ. ಕೆಳಗೆ ಯಾರು ಕೂರುವುದು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ತರಬೇತಿ ವರ್ಷಕ್ಕೆ ನಾಲ್ಕು ಸಲ. ಒಮ್ಮೆ ಹಿಡಿದರೆ ಐದು ದಿನ ಬಿಡುವುದಿಲ್ಲವಾದ್ದರಿಂದ ಮೇಷ್ಟ್ರುಗಳು ಅದನ್ನು ‘ತರಭೇದಿ’ ಎನ್ನುತ್ತಿದ್ದರು. ಬಾಗಿಲ ಮೇಲೆ ಬಟ್ಟೆಯ ಬ್ಯಾನರು: ‘ಮಾಡಿ ಕಲಿ’. ಮಾಡುವುದು ಅಟೆಂಡರಮ್ಮ, ಕಲಿಯುವುದು ಯಾರೂ ಇಲ್ಲ. ಬೆಳಿಗ್ಗೆ ಏಳಕ್ಕೆ ಬಂದು ಗಾಜಿನ ಪೆಟ್ಟಿಗೆಗಳನ್ನು ಮೂರು ಮಹಡಿ ಹೊರುತ್ತಿದ್ದಳು. ನಲವತ್ತು ಕುರ್ಚಿ ಹಾಕುತ್ತಿದ್ದಳು. ನಲವತ್ತೊಂದನೇ ಕುರ್ಚಿ ಇರಲಿಲ್ಲ. “ಎಣಿಸಿ ತಂದಿರೋದು,” ಎಂದಿತ್ತು ಆಫೀಸು. ಚಹಾದ ಕಪ್ಪೂ ಹಾಗೆಯೇ ಎಣಿಸಿದ್ದು. ಅವಳಿಗೆ ಚಹಾ ಬೀಕರಿನಲ್ಲಿ. ನೂರು ಮಿಲಿಲೀಟರಿನ ಗೆರೆಯವರೆಗೆ. ಆ ಒಂದು ಅಳತೆ ಮಾತ್ರ ಈ ಕೇಂದ್ರದಲ್ಲಿ ಯಾವತ್ತೂ ತಪ್ಪಿರಲಿಲ್ಲ.

ಪ್ರಯೋಗ ಮುಗಿದ ಮೇಲೆ ಜನರೆಲ್ಲಾ ಹಾಲ್‌ನಿಂದ ಹೋಗುವವರೆಗೆ ಅವಳು ಈಚೆ ಬರುವಂತಿಲ್ಲ. ಒಂದು ಸಲ ಸಂಪನ್ಮೂಲರು ನೀರು ಏರಿಸಿದ ಕೈಯಲ್ಲೇ ಪಾರದರ್ಶಕತೆಯ ಬಗ್ಗೆ ಎರಡು ಗಂಟೆ ಮಾತಾಡಿದರು. ಅವಳು ಕಾಲು ಮರಗಟ್ಟಿ, ಮೂತ್ರ ತಡೆದುಕೊಂಡು, ಹಸಿರು ಬಟ್ಟೆಯ ಎಳೆ ಎಣಿಸುತ್ತಾ ಕೂತಿದ್ದಳು.

ಅವಳ ಇನ್ನೊಂದು ಕೆಲಸ ರುಜು ಹಾಕಿಸುವುದು. ಬೆಳಿಗ್ಗೆ, ಚಹಾಕ್ಕೆ, ಊಟಕ್ಕೆ, ಸಂಜೆಗೆ, ದಿನಕ್ಕೆ ನಾಲ್ಕು ಸಲ. ನಾಲ್ಕು ಸಲದ ರುಜು ಇಲ್ಲದಿದ್ದರೆ ಸರ್ಟಿಫಿಕೇಟು ಇಲ್ಲ. ಹಾಳೆ ಕೈಗೆ ಬಂದರೆ ಮೇಷ್ಟ್ರುಗಳು ತಲೆ ಎತ್ತುತ್ತಿರಲಿಲ್ಲ. ಮಾತಾಡುತ್ತಾ, ತೂಕಡಿಸುತ್ತಾ, ಬಿಸ್ಕತ್ತು ಅಗಿಯುತ್ತಾ ಗೀಚಿ ಪಕ್ಕಕ್ಕೆ ತಳ್ಳುತ್ತಿದ್ದರು. ಹಿಂದೊಮ್ಮೆ ಯಾರೋ ಚಹಾ ಚೆಲ್ಲಿದ್ದನ್ನು ಒರೆಸಲು ಇಟ್ಟ ಕಾಗದಕ್ಕೂ ಹದಿನಾರು ಜನ ರುಜು ಹಾಕಿದ್ದರು. ಕೊನೆಗೆ ಸಂಪನ್ಮೂಲರು ‘ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಮಾಡುತ್ತಾರೆ, ಅವಳು ಮೊಹರು ಒತ್ತುತ್ತಾಳೆ.

ಈ ಸಲದ ತರಬೇತಿಯ ಮೊದಲ ದಿನ ಒಬ್ಬರು ತಲೆ ಎತ್ತಿದರು. ಮುಂದಿನ ಸಾಲಿನ ಗಣಿತದ ಮೇಷ್ಟ್ರು. ಜೇಬಿನಲ್ಲಿ ಯಾವಾಗಲೂ ಹದಿನೈದು ಸೆಂಟಿಮೀಟರಿನ ಸ್ಕೇಲು ಇಟ್ಟುಕೊಳ್ಳುತ್ತಿದ್ದರಿಂದ ಎಲ್ಲರಿಗೂ ಅವರು ಸ್ಕೇಲ್ ಮೇಷ್ಟ್ರು.

“ಸಾರ್,” ಎಂದರು. “ಬತ್ತಿ ಆರಿದ್ದು ಒಂಬತ್ತನೇ ಸೆಕೆಂಡಿಗೆ. ನೀರು ಏರೋಕೆ ಶುರು ಮಾಡಿದ್ದು ಹದಿನೇಳನೇ ಸೆಕೆಂಡಿಗೆ. ಮಧ್ಯ ಎಂಟು ಸೆಕೆಂಡು ನೀರು ಏನ್ ಮಾಡ್ತಿತ್ತು?”

“ಯೋಚನೆ ಮಾಡ್ತಿತ್ತು,” ಎಂದರು ಸಂಪನ್ಮೂಲರು. “ನೀವೂ ಸ್ವಲ್ಪ ಮಾ...?”

“ಡಿ,” ಎಂದಿತು ಇಡೀ ಹಾಲ್. ನಗು ಎದ್ದಿತು. ಸ್ಕೇಲು ಜೇಬಿಗೆ ಇಳಿಯಿತು. ಮೇಜಿನ ಕೆಳಗೆ ಅಟೆಂಡರಮ್ಮನ ಕಿವಿ ಬಿಸಿಯಾಯಿತು. ಆ ಎಂಟು ಸೆಕೆಂಡು ಅವಳದು. ಅವತ್ತು ಬೂಟು ತಡವಾಗಿ ಬಂದಿತ್ತು.

ನಾಲ್ಕನೆಯ ದಿನ ಸಂಪನ್ಮೂಲರು ಅವಳನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ಒಂದು ನೀಲಿ ಫೈಲು.

“ಇದು ಏ...?”

ಕಚೇರಿಯಲ್ಲಿ ಒಬ್ಬಳೇ ಇದ್ದರೂ ತುಂಬಲೇಬೇಕು. “ನು ಸಾರ್,” ಎಂದಳು.

“ನಿನ್ನ ಕಾಯಂ ಫೈಲು. ಇಪ್ಪತ್ತೆರಡು ವರ್ಷದಿಂದ ತಾತ್ಕಾಲಿಕ ನೀನು. ನಾಳೆ ಮೇಲಿನ ಕಚೇರಿಯಿಂದ ದೊಡ್ಡ ಮೇಡಂ ಬರ್ತಾರೆ. ಪ್ರಯೋಗ ನೋಡಬೇಕಂತೆ. ನಾಳೆ ನೀರು ಗೆರೆ ಮೇಲೆ ನಿಂತರೆ, ಫೈಲು ಅಲ್ಲೇ ಅವರ ಮುಂದೆ ಇಟ್ಟು ಸಹಿ ಹಾಕಿಸ್ತೀನಿ.”

“ನಿಲ್ಲುತ್ತೆ ಸಾರ್.”

“ಕೆಮ್ಮಬೇಡ.”

“ಇಲ್ಲ ಸಾರ್.”

ಅವಳು ಮೂರು ಮಹಡಿ ಇಳಿದದ್ದು ಗೊತ್ತಾಗಲಿಲ್ಲ. ಕಾಯಂ ಎಂದರೆ ಕುರ್ಚಿ. ಕಾಯಂ ಎಂದರೆ ಚಹಾದ ಕಪ್ಪು. ಕಾಯಂ ಎಂದರೆ ರುಜು ಪುಸ್ತಕದಲ್ಲಿ ಅವಳಿಗೂ ಒಂದು ಸಾಲು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಸಿಗದಿದ್ದದ್ದೂ ಅವತ್ತು ನೋಯಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಎಂಟನೇ ಕ್ಲಾಸಿನ ಮಗಳು ಹೊಸ್ತಿಲ ಮೇಲೆ ಕೂತಿದ್ದಳು. ಮಗಳನ್ನು ನಗಿಸಲು ಅಟೆಂಡರಮ್ಮನ ಬಳಿ ಒಂದು ಗ್ಯಾರಂಟಿ ವಿದ್ಯೆ ಇತ್ತು. ಹೊಟ್ಟೆ ಮುಂದೆ ಮಾಡಿ, ಕೈ ಚಾಚಿ, ಗಂಟಲು ದಪ್ಪ ಮಾಡಿದಳು.

“ಊಟಕ್ಕೆ ಏಳ...?”

ದಿನಾ ‘ಬೇಕು’ ಎಂದು ಕೂಗುವ ಮಗಳು ಇವತ್ತು ನೋಟ್‌ಬುಕ್ಕು ಮುಂದೆ ಚಾಚಿದಳು.

ದುಂಡು ಅಕ್ಷರ. ‘ಬತ್ತಿ ಉರಿಯುವಾಗ ಸೀಸೆಯ ಅಂಚಿನಿಂದ ಗುಳ್ಳೆ ಹೊರಗೆ ಬಂತು. ನೀರು ಏರಲಿಲ್ಲ. ಬತ್ತಿ ಆರಿದ ಮೇಲೆ ಏರಿತು. ಸೀಸೆಯ ಎತ್ತರ ಹದಿನಾಲ್ಕು ಸೆಂಟಿಮೀಟರ್. ನೀರು ಏರಿದ್ದು ಎರಡು ಸೆಂಟಿಮೀಟರ್. ಅಂದರೆ ಏಳನೇ ಒಂದು ಭಾಗ.’ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ, ಕೋಳಿಮೊಟ್ಟೆಯಷ್ಟು. ಪಕ್ಕದಲ್ಲಿ ‘ಸುಳ್ಳು’ ಎಂಬ ಒಂದೇ ಪದ.

“ಆಚೆ ನಿಲ್ಲಿಸಿದ್ರು,” ಎಂದಳು ಮಗಳು. “ಮಧ್ಯಾಹ್ನ ಪೂರ್ತಿ. ಶನಿವಾರದ ವಿಜ್ಞಾನದ ಕ್ಲಾಸಿಗೆ ಐದನೇ ಒಂದು ಅಂತ ಬರಕೊಂಡು ಬಂದ್ರೆ ಒಳಗೆ, ಇಲ್ಲಾಂದ್ರೆ ಅಲ್ಲೇ ಇರು ಅಂದ್ರು.”

“ಅಳತೆ ತಪ್ಪಿರಬೇಕು.”

“ಮೂರು ಸಲ ಅಳೆದೆ. ಅದನ್ನೂ ಹೇಳಿದೆ. ಟೀಚರ್ ಅಂದ್ರು, ನಾನು ತರಬೇತೀಲಿ ಕಣ್ಣಾರೆ ನೋಡಿದೀನಿ, ಸರಿಯಾಗಿ ಗೆರೆ ಮೇಲೇ ನಿಲ್ಲುತ್ತೆ ಅಂತ. ನಿಮ್ಮ ಸೆಂಟರಲ್ಲೇ ಅಂತೆ ಅಮ್ಮ. ನೀನು ಇರ್ತೀಯಲ್ಲ ಅಲ್ಲಿ. ಅಲ್ಲಿ ಹೇಗೆ ಸರಿಯಾಗಿ ಬರುತ್ತೆ?”

ಅಟೆಂಡರಮ್ಮನ ಬಾಯಲ್ಲಿ ಬೆಳಗಿನ ಮೇಣದ ರುಚಿ ತಿರುಗಿ ಬಂತು. ತಾನು ಎಳೆದ ಉಸಿರು ಮೇಜಿನ ಕೆಳಗೇ ಮುಗಿಯಿತು ಎಂದುಕೊಂಡಿದ್ದಳು. ಅದು ನಲವತ್ತು ಚೀಲಗಳಲ್ಲಿ ಕೂತು ಊರೂರಿಗೆ ಹೋಗಿತ್ತು. ಒಂದು ಚೀಲ ಇವಳ ಮಗಳ ಕ್ಲಾಸಿಗೇ ಬಂದಿತ್ತು.

“ಅಲ್ಲಿ... ಜಾರ್ ದೊಡ್ಡದು,” ಎಂದಳು.

ಮಗಳು ಅವಳ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಸೀಸೆ, ತಟ್ಟೆ, ಬತ್ತಿ ತಂದಳು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬತ್ತಿ ಹಚ್ಚಿ ಮುಚ್ಚಿದಳು. ಎರಡು ಸೆಂಟಿಮೀಟರ್. ಬೇಕೆಂದೇ ಮೂರು ಬತ್ತಿ ಒಟ್ಟಿಗೆ ಹಚ್ಚಿ ಮುಚ್ಚಿದಳು. ನೀರು ಬುಸುಗುಟ್ಟುತ್ತಾ ನಾಲ್ಕೂವರೆಗೆ ಹೋಯಿತು.

“ಸೀಸೆ ಅದೇ. ಒಳಗಿರೋ ಗಾಳಿ ಅಷ್ಟೇ,” ಎಂದಳು ಮಗಳು. “ಮೂರು ಬತ್ತಿ ಇಟ್ರೆ ಆಮ್ಲಜನಕ ಜಾಸ್ತಿ ಆಗುತ್ತಾ ಅಮ್ಮ?”

ಈ ಪ್ರಶ್ನೆಯನ್ನು ಹನ್ನೊಂದು ವರ್ಷದಲ್ಲಿ ಸಾವಿರಾರು ಮೇಷ್ಟ್ರುಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ಕೇಳಿದವಳನ್ನು ಆಚೆ ನಿಲ್ಲಿಸಿದ್ದರು.

“ಬರೀಲಾ ಐದನೇ ಒಂದು ಅಂತ?” ಮಗಳ ಕೈಯಲ್ಲಿ ರಬ್ಬರು ತಯಾರಾಗಿತ್ತು.

“ಬೇಡ. ನಾಳೆ ಒಂದಿನ ಈ ಪುಸ್ತಕ ನನ್ನ ಹತ್ರ ಇರಲಿ.”

ಐದನೆಯ ದಿನ ಹಾಲ್‌ಗೆ ಗುಲಾಬಿ ಹೂ ಬಂತು. ನಲವತ್ತೊಂದನೇ ಕುರ್ಚಿಯೂ ಬಂತು. ಇರಲಿಲ್ಲವಂತೆ, ದೊಡ್ಡ ಮೇಡಂ ಬರುತ್ತಾರೆ ಎಂದ ಕೂಡಲೇ ಇತ್ತು. ಅದನ್ನು ಮೂರು ಮಹಡಿ ಹೊತ್ತು ತಂದವಳು ಅಟೆಂಡರಮ್ಮ. ತಂದು, ಒರೆಸಿ, ಮುಂದಿನ ಸಾಲಿನ ನಡುವೆ ಇಟ್ಟು, ಬಗ್ಗಿ ಮೇಜಿನ ಕೆಳಗೆ ಹೋದಳು. ನೋಟ್‌ಬುಕ್ಕು ಸೊಂಟದಲ್ಲಿತ್ತು. ಕಾಲು ಅಭ್ಯಾಸಬಲದಿಂದ ಮಡಚಿಕೊಂಡಿತು. ಏನು ಮಾಡುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ. ಕಾಯಂ ಫೈಲು ಮೇಲೆ ಮೇಜಿನ ಮೇಲೇ ಇತ್ತು, ಅವಳ ತಲೆಯಿಂದ ಒಂದು ಹಲಗೆ ದೂರ.

“ಸರಳ ಪ್ರಯೋಗ ಮೇಡಂ,” ಎಂದಿತು ಗಂಟಲು. “ಮಕ್ಕಳು ಮಾಡೋವಂಥದು. ಈಗ ಬತ್ತಿ ಹಚ್...?”

“ಚಿದರು.”

ದೊಡ್ಡ ಮೇಡಂ ಏನನ್ನೂ ತುಂಬಲಿಲ್ಲ. ಅವರ ಚಪ್ಪಲಿ ಹಸಿರು ಬಟ್ಟೆಯ ಅಂಚಿನಲ್ಲಿ ಕಾಣುತ್ತಿತ್ತು.

ಅಟೆಂಡರಮ್ಮ ಕೊಳವೆಯನ್ನು ಕೈಯಲ್ಲಿ ಹಿಡಿದಿದ್ದಳು. ಬಾಯಿಗೆ ಇಡಲಿಲ್ಲ. ಮೇಲೆ ಜಾರ್ ಮುಚ್ಚಿದ ಸದ್ದಾಯಿತು. ಕೊಳವೆಯಿಂದ ಬಿಸಿ ಗಾಳಿ ಅವಳ ಕೆನ್ನೆಗೆ ಬಂತು. ಉಬ್ಬಿದ ಗಾಳಿ ಆಚೆ ಹೊರಟಿದೆ, ಅಂದುಕೊಂಡಳು. ಬತ್ತಿ ಆರಿತು. ಈಗ ಕೊಳವೆ ತನ್ನಷ್ಟಕ್ಕೆ ತಾನೇ ಸಣ್ಣಗೆ ಉಸಿರೆಳೆದುಕೊಳ್ಳತೊಡಗಿತು. ಬೆರಳು ಅಡ್ಡ ಇಟ್ಟರೆ ಬೆರಳನ್ನೇ ಹೀರುತ್ತಿತ್ತು. ಹನ್ನೊಂದು ವರ್ಷ ಬಾಯಲ್ಲಿ ಹಿಡಿದು ಮಾಡಿದ ಕೆಲಸವನ್ನು ತಣ್ಣಗಾದ ಗಾಳಿಯೇ ಮಾಡುತ್ತಿತ್ತು. ಅವಳನ್ನು ಯಾಕೆ ಕೂರಿಸಿದ್ದರು ಹಾಗಾದರೆ. ಅಳತೆಗೆ ಅಲ್ಲ. ಒಬ್ಬರ ಮಾತು ತಪ್ಪಾಗದಿರಲಿ ಎಂದು.

“ಆ ಜಾಗಕ್ಕೆ ನೀರು ಮೇ...?”

“ಲಕ್ಕೆ.”

ಬೂಟು ಬಡಿಯಿತು. ನೀರು ಇದ್ದಲ್ಲೇ ಇತ್ತು.

“ಮೇ...?”

“ಲಕ್ಕೆ,” ಈ ಸಲ ಅರ್ಧ ಜನ.

ಬೂಟು ಮತ್ತೆ ಬಡಿಯಿತು, ಜೋರಾಗಿ. ಮೂರನೆಯ ಏಟು ಸರಿಯಾಗಿ ಮಂಡಿಯ ಹಳೆಯ ಗಾಯದ ಮೇಲೆ ಬಿತ್ತು. ಅಟೆಂಡರಮ್ಮ ಕೈ ಚಾಚಿ ಬೂಟನ್ನು ಹಿಡಿದಳು. ಹಿಮ್ಮಡಿ ಒಂದು ಕೈ, ಮೂತಿ ಒಂದು ಕೈ. ಮೇಲೆ ಗಂಟಲು ಅರ್ಧ ಪದದಲ್ಲಿ ನಿಂತಿತು. ಇವತ್ತು ಅದನ್ನು ತುಂಬುವವರು ಯಾರೂ ಇರಲಿಲ್ಲ. ಅವಳು ಎಳೆದಳು. ಎಳೆಯುವುದು ಅವಳಿಗೆ ಹನ್ನೊಂದು ವರ್ಷದ ರೂಢಿ. ಬೂಟು ಕೈಗೆ ಬಂತು.

ಹಸಿರು ಬಟ್ಟೆ ಎತ್ತಿ ಅವಳು ಎದುರಿನಿಂದಲೇ ಈಚೆ ಬಂದಳು. ಮಂಡಿ ಹಿಡಿದು ಎದ್ದು ನಿಂತಳು. ಮೇಜಿನ ಮೇಲೆ, ಜಾರ್ ಪಕ್ಕದಲ್ಲಿ ಬೂಟು ಇಟ್ಟಳು. ಅದರ ಪಕ್ಕ ಕೊಳವೆಯ ತುದಿ ಎಳೆದು ತಂದು ಇಟ್ಟಳು.

“ಇದು ನಿಮ್ಮದು ಸಾರ್,” ಎಂದಳು. “ಇದೂ ನಿಮ್ಮದೇ.”

ಸಂಪನ್ಮೂಲರು ಒಂದು ಕಾಲಿನಲ್ಲಿ ಬೂಟು, ಇನ್ನೊಂದರಲ್ಲಿ ತೂತು ಬಿದ್ದ ಕಾಲುಚೀಲ ಹಾಕಿಕೊಂಡು ನಿಂತಿದ್ದರು. ಹೆಬ್ಬೆರಳು ಅರ್ಧ ಆಚೆ ಇತ್ತು. ಅವರದು ಎಲ್ಲವೂ ಅರ್ಧವೇ.

ದೊಡ್ಡ ಮೇಡಂ ಕನ್ನಡಕ ಸರಿಮಾಡಿಕೊಂಡರು. “ನೀವು ಯಾರು?”

“ಆಮ್ಲಜನಕ ಮೇಡಂ,” ಎಂದಳು ಅಟೆಂಡರಮ್ಮ. “ಹನ್ನೊಂದು ವರ್ಷದಿಂದ.”

ಹಿಂದಿನ ಸಾಲಿನ ಒಬ್ಬ ಟೀಚರು ಫಕ್ಕನೆ ನಕ್ಕರು. ನಗು ಸಾಲು ಹಾರಿ ಸಾಲಿಗೆ ಬಂತು. ಸ್ಕೇಲ್ ಮೇಷ್ಟ್ರು ನಗಲಿಲ್ಲ. ಎದ್ದು ಬಂದು ಜಾರ್‌ಗೆ ಸ್ಕೇಲು ಹಿಡಿದರು. ಒಂದು ಕಣ್ಣು ಮುಚ್ಚಿ ಓದಿದರು. ಜಾರ್‌ನೊಳಗಿನ ನೀರು ಟ್ರೇಯ ನೀರಿನ ಮಟ್ಟದಲ್ಲೇ ಇತ್ತು.

“ಎಷ್ಟು?” ಎಂದರು ದೊಡ್ಡ ಮೇಡಂ.

“ಸೊನ್ನೆ ಮೇಡಂ.”

ಅಟೆಂಡರಮ್ಮ ಉಗ್ರಾಣದಿಂದ ತೂತಿಲ್ಲದ ಟ್ರೇ ತಂದಳು. ಯಾರೂ ಹೇಳಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಒಂದು ಬತ್ತಿ ಹಚ್ಚಿ ಮುಚ್ಚಿದಳು. “ಅಂಚು ನೋಡಿ,” ಎಂದಳು. ಗುಳ್ಳೆ ಬಂತು. ಬತ್ತಿ ಆರಿತು. ನೀರು ಏರಿತು. ಗೆರೆ ಮುಟ್ಟಲಿಲ್ಲ. ಮೂರೂವರೆ ಸೆಂಟಿಮೀಟರ್, ಎಂದರು ಸ್ಕೇಲ್ ಮೇಷ್ಟ್ರು. ಮೂರು ಬತ್ತಿ ಹಚ್ಚಿ ಮುಚ್ಚಿದಳು. ಗೆರೆ ದಾಟಿ ಎಂಟಕ್ಕೆ ಹೋಯಿತು. ನಲವತ್ತು ಜನ ಮೇಜಿನ ಸುತ್ತ ಮುತ್ತಿಕೊಂಡಿದ್ದರು. ತರಬೇತಿ ಕೇಂದ್ರದಲ್ಲಿ ಮೊದಲ ಸಲ ಕುರ್ಚಿಗಳು ಖಾಲಿ ಇದ್ದವು.

“ಯಾಕೆ ಹಾಗೆ?” ಎಂದರು ಒಬ್ಬರು. ಕೇಳಿದ್ದು ಅವಳನ್ನು.

“ಬಿಸಿಗೆ ಗಾಳಿ ಉಬ್ಬುತ್ತೆ, ಸ್ವಲ್ಪ ಆಚೆ ಹೋಗುತ್ತೆ. ಆರಿದ ಮೇಲೆ ಉಳಿದಿದ್ದು ಕುಗ್ಗುತ್ತೆ. ಬಸ್ಸಲ್ಲಿ ನಾಲ್ಕು ಜನ ಇಳಿದು, ಇದ್ದೋರು ಸ್ವಲ್ಪ ಒತ್ತಿ ಕೂತ್ರೆ ಜಾಗ ಆಗುತ್ತಲ್ಲ, ಹಾಗೆ. ಆ ಜಾಗಕ್ಕೆ ನೀರು ಹತ್ತುತ್ತೆ. ಬತ್ತಿ ಜಾಸ್ತಿ ಆದ್ರೆ ಬಿಸಿ ಜಾಸ್ತಿ, ಇಳಿಯೋರು ಜಾಸ್ತಿ.”

“ನಮ್ಮ ಸ್ಕೂಲಲ್ಲಿ ಒಂದಿನ ಕೂಡ ಗೆರೆಗೆ ಬಂದಿಲ್ಲ ಕಣ್ರೀ,” ಎಂದರು ದಪ್ಪ ಮೀಸೆಯ ಮೇಷ್ಟ್ರೊಬ್ಬರು. “ನೀರು ಎಲ್ಲಿ ನಿಲ್ಲುತ್ತೋ ಅಲ್ಲಿಗೆ ಗೆರೆ ಎಳೆದುಬಿಡ್ತೀನಿ.”

“ನಾನು ಮೆಲ್ಲಗೆ ಗ್ಲಾಸು ಓರೆ ಮಾಡ್ತೀನಿ,” ಎಂದರು ಇನ್ನೊಬ್ಬ ಟೀಚರು.

“ನಾನು ಮಾಡೋದೇ ಇಲ್ಲ. ಬೋರ್ಡ್ ಮೇಲೆ ಚಿತ್ರ ಬರೀತೀನಿ. ಚಿತ್ರದಲ್ಲಿ ಸರಿಯಾಗಿ ಬರುತ್ತೆ.”

“ಮತ್ತೆ ಯಾರೂ ಹೇಳಲಿಲ್ವಲ್ರಿ?”

“ನೀವು ಹೇಳಿದ್ರಾ?”

ಸಂಪನ್ಮೂಲರು ಈ ಹೊತ್ತಿಗೆ ಬೂಟು ಹಾಕಿಕೊಂಡಿದ್ದರು, ಆದರೆ ಲೇಸು ಕಟ್ಟಲು ಬಗ್ಗಲು ಧೈರ್ಯ ಸಾಲದೆ ನಿಂತಿದ್ದರು. ಫೈಲನ್ನು ಬ್ಯಾಗಿಗೆ ತುರುಕಿದರು.

“ಸೋಮವಾರದಿಂದ ಬರಬೇಡ ನೀನು,” ಎಂದರು. ಇಡೀ ವಾಕ್ಯ. ಹನ್ನೊಂದು ವರ್ಷದಲ್ಲಿ ಅವರು ಪೂರ್ತಿ ಆಡಿದ ಮೊದಲ ಬೈಗುಳ. “ಈ ಫೈಲು ಎಲ್ಲಕ್ಕಿಂತ ಕೆಳಗೆ ಹೋಗುತ್ತೆ, ನೆನಪಿಟ್ಟುಕೋ.”

“ಹೋಗಲಿ ಸಾರ್. ಕೆಳಗಿದ್ದು ಅದಕ್ಕೂ ಅಭ್ಯಾಸ ಆಗಲಿ. ಮೇಜಿನ ಕೆಳಗೆ ನಾನು ಮಾತ್ರ ಇನ್ನಿಲ್ಲ.”

ದೊಡ್ಡ ಮೇಡಂ ಇಬ್ಬರನ್ನೂ ನೋಡಿದರು. “ಇದರ ಬಗ್ಗೆ ಒಂದು ಸಮಿತಿ ಮಾಡೋಣ,” ಎಂದರು. ಸಮಿತಿ ಎಂದರೆ ಏನೆಂದು ಅಟೆಂಡರಮ್ಮನಿಗೆ ಗೊತ್ತಿತ್ತು. ಬಟ್ಟೆ ಹೊದಿಸಿದ ಇನ್ನೊಂದು ಮೇಜು.

ಏನೇ ಆದರೂ ನಾಲ್ಕು ಗಂಟೆ ಆಗಿತ್ತು. ನಾಲ್ಕು ಗಂಟೆಗೆ ರುಜು. ರುಜು ಇಲ್ಲದಿದ್ದರೆ ಸರ್ಟಿಫಿಕೇಟು ಇಲ್ಲ. ಸೋಮವಾರದಿಂದ ಬರಬೇಡ ಎಂದಿದ್ದರು, ಇವತ್ತು ಶುಕ್ರವಾರ. ಅಟೆಂಡರಮ್ಮ ರುಜು ಪುಸ್ತಕ ತೆಗೆದಳು. ಸೊಂಟದಿಂದ ನೋಟ್‌ಬುಕ್ಕು ತೆಗೆದು ಅದರ ಜೊತೆ ಇಟ್ಟು, ಮೊದಲು ಸ್ಕೇಲ್ ಮೇಷ್ಟ್ರಿಗೆ ಕೊಟ್ಟಳು.

ಅವರು ತಲೆ ಎತ್ತಿದರು. ಸೊನ್ನೆ ನೋಡಿದರು. ಮೇಲಿನ ಸಾಲುಗಳನ್ನು ಎರಡು ಸಲ ಓದಿದರು.

“ಯಾರದು?”

“ನನ್ನ ಮಗಳದು.”

“ಹದಿನಾಲ್ಕರಲ್ಲಿ ಎರಡು, ಏಳನೇ ಒಂದು. ಲೆಕ್ಕ ಸರಿಯಾಗಿದೆ,” ಎಂದು ಗಟ್ಟಿಯಾಗಿ ಹೇಳಿ, ಸೊನ್ನೆಯ ಕೆಳಗೆ ಬರೆದರು: ‘ನೋಡಿದ್ದನ್ನು ಬರೆದಿದ್ದಾಳೆ. ಸರಿ.’ ರುಜು ಹಾಕಿದರು. ಪಕ್ಕದವರು ಓದಿ ರುಜು ಹಾಕಿದರು. ಅವರ ಪಕ್ಕದವರು ಅರ್ಧ ಓದಿ ಹಾಕಿದರು. ಮೂರನೇ ಸಾಲು ದಾಟಿದ ಮೇಲೆ ಯಾರೂ ಓದಲಿಲ್ಲ. ಆಗಷ್ಟೇ ನಡೆದದ್ದನ್ನು ಒಬ್ಬರಿಗೊಬ್ಬರು ಅಭಿನಯಿಸಿ ತೋರಿಸುತ್ತಾ, ಕಾಲು ಒದೆದು ನಗುತ್ತಾ, ಕೈಗೆ ಬಂದದ್ದಕ್ಕೆಲ್ಲಾ ಗೀಚಿ ತಳ್ಳಿದರು. ನಲವತ್ತಾಯಿತು.

ಸಂಪನ್ಮೂಲರು ಕಿಟಕಿಯ ಬಳಿ ದೊಡ್ಡ ಮೇಡಂಗೆ ವಾಯುಮಂಡಲದ ಒತ್ತಡ ಕಾರಣವೆಂದು ವಿವರಿಸುತ್ತಿದ್ದರು. ಅಟೆಂಡರಮ್ಮ ಪಕ್ಕದಲ್ಲಿ ನಿಂತು, ಎಂದಿನಂತೆ ಬೆರಳಿಂದ ಜಾಗ ತೋರಿಸಿದಳು. ಅವರು ತಿರುಗಿ ನೋಡಲಿಲ್ಲ. ಈ ಹೆಂಗಸಿನ ಮುಖ ನೋಡಲು ಅವರಿಗೆ ಆಗುತ್ತಿರಲಿಲ್ಲ. ಒಂದಕ್ಕೆ ‘ಪರಿಶೀಲಿಸಲಾಗಿದೆ’ ಬರೆದು ಸಹಿ. ಇನ್ನೊಂದಕ್ಕೂ ‘ಪರಿಶೀಲಿಸಲಾಗಿದೆ’ ಬರೆದು ಸಹಿ. ಅವಳು ಮೊಹರಿಗೆ ಬಾಯಿಂದ ಹಬೆ ಊದಿ ಎರಡಕ್ಕೂ ಒತ್ತಿದಳು. ಆ ಕೇಂದ್ರಕ್ಕಾಗಿ ಅವಳು ಖರ್ಚು ಮಾಡಿದ ಕೊನೆಯ ಉಸಿರು ಅದು.

ಟ್ರೇ, ಜಾರ್, ಬೀಕರು ಎಲ್ಲಾ ಮೇಜಿನ ಮೇಲೆ ಹಾಗೇ ಇದ್ದವು. “ತೊಳೆಯೋರು ಯಾರು?” ಎಂದಿತು ಆಫೀಸು. ಅವಳು ಬಾಗಿಲ ಮೇಲಿನ ಬ್ಯಾನರು ತೋರಿಸಿ ಇಳಿದು ಹೋದಳು.

ಶನಿವಾರ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಅಟೆಂಡರಮ್ಮ ಮಗಳಿಗೆ ಎಲ್ಲಾ ಹೇಳಿದಳು. ಕೊಳವೆ, ಬೂಟು, ಗೆರೆ, ಎಲ್ಲಾ. ಜಾರ್ ದೊಡ್ಡದಲ್ಲ ಎಂಬುದನ್ನೂ.

“ಹಾಗಾದ್ರೆ ನನಗೆ ಸೊನ್ನೆ ಹಾಕಿಸಿದ್ದು ನೀನೇ,” ಎಂದಳು ಮಗಳು.

“ಹೌದು.”

“ಹನ್ನೊಂದು ವರ್ಷ ಒದೆ ತಿಂದಿದ್ದೂ ನೀನೇ.”

“ಹೌದು.”

“ಮತ್ತೆ ಒಂದೇ ಬೂಟು ಯಾಕೆ ಬಿಚ್ಚಿದೆ?”

ಕ್ಲಾಸಿನ ಬಾಗಿಲಲ್ಲಿ ಟೀಚರು ನೋಟ್‌ಬುಕ್ಕು ತೆರೆದರು. ಅವರ ಮುಖ ಗಂಟಾಗಿತ್ತು. ಸೊನ್ನೆಯ ಕೆಳಗೆ ನಲವತ್ತು ರುಜು ಕಂಡಿತು. ಗಂಟು ಸಡಿಲವಾಯಿತು. ತಮಗೆ ತರಬೇತಿ ಕೊಟ್ಟವರ ಸಹಿ ಕಂಡಿತು. ಹಾಳೆಯನ್ನು ಕಣ್ಣಿಗೆ ಹತ್ತಿರ ತಂದರು. ನೇರಳೆ ಮೊಹರು ಕಂಡಿತು. ಅಲ್ಲಿಗೆ ವಿಜ್ಞಾನ ಅವರಿಗೆ ಮನವರಿಕೆಯಾಯಿತು.

ಸೊನ್ನೆ ಹೊಡೆದುಹಾಕಿದರೆ ತಪ್ಪು ಒಪ್ಪಿಕೊಂಡ ಹಾಗೆ. ಟೀಚರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಕೆಂಪು ಪೆನ್ನು ತೆಗೆದು ಸೊನ್ನೆಯ ಎಡಗಡೆ ಒಂದು ‘ಒಂದು’ ಬರೆದರು. ಹತ್ತಕ್ಕೆ ಹತ್ತು.

“ಒಳಗೆ ಬಾ,” ಎಂದರು.

ಮಗಳು ಬರಲಿಲ್ಲ. ಪುಸ್ತಕ ನೋಡಿದಳು.

“ಪಕ್ಕದಲ್ಲಿ ‘ಸುಳ್ಳು’ ಅಂತ ಹಾಗೇ ಇದೆ ಟೀಚರ್.”

“ಹತ್ತಕ್ಕೆ ಹತ್ತು ಕೊಟ್ಟಿದೀನಲ್ಲೇ.”

“ಅಂಕ ಇರಲಿ ಟೀಚರ್. ಅದನ್ನ ಹೊಡೆದುಹಾಕಿ.”

ಟೀಚರು ಅಟೆಂಡರಮ್ಮನ ಕಡೆ ತಿರುಗಿದರು. ಮಗಳಿಗೆ ಬುದ್ಧಿ ಹೇಳಲಿ ಎಂಬ ನೋಟ. ದೊಡ್ಡವರು ದೊಡ್ಡವರಿಗೆ ಕೊಡುವ ನೋಟ.

ಜಗಲಿಯಲ್ಲಿ, ಬಾಗಿಲ ಪಕ್ಕದಲ್ಲಿ, ಒಂದು ಕುರ್ಚಿ ಇತ್ತು. ಯಾರದೋ, ಯಾರಿಗೋ ಎಣಿಸಿ ತಂದದ್ದು. ಅಟೆಂಡರಮ್ಮ ಅದನ್ನು ಎಳೆದುಕೊಂಡು ಕೂತಳು. ಬೆನ್ನು ಒರಗಿಸಿದಳು. ಮಂಡಿ ಬಿಡಿಸಿ ಕಾಲು ನೀಡಿದಳು, ಒಂದಾದ ಮೇಲೆ ಒಂದು.

“ನಿಧಾನಕ್ಕೆ ಯೋಚನೆ ಮಾಡಿ ಟೀಚರ್,” ಎಂದಳು. “ನಮಗೇನೂ ಅವಸರ ಇಲ್ಲ.”